ಏಳು ತಂತಿಯ ಪಿಟೀಲು ಚೌಡಯ್ಯ

ಕರ್ಕ್‌ಲ್ಯಾಂಡ್: ಇಲ್ಲಿ ನಮ್ಮ ಮಕ್ಕಳು ಶಾಲೆಯ ಆರ್ಕೆಸ್ಟ್ರಾದಲ್ಲಿ ಕುರ್ಚಿಯ ಮೇಲೆ ಕುಳಿತು ಪಿಟೀಲು ನುಡಿಸುತ್ತಾರೆ. ವಾರದ ಕೊನೆಗೆ ಅದೇ ವಾದ್ಯವನ್ನು ಹಿಡಿದು ನೆಲದ ಮೇಲೆ ಕೂತು, ಅದರ ತುದಿಯನ್ನು ಪಾದಕ್ಕೆ ಒರಗಿಸಿ ಸರಳೆ ವರಸೆ ಕಲಿಯುತ್ತಾರೆ. ಪಿಟೀಲು ನಮ್ಮದಾ, ಇಲ್ಲಿಯವರದಾ ಎಂದು ಕೇಳುವ ಮಕ್ಕಳಿಗೆ ಟಿ. ಚೌಡಯ್ಯನವರ ಕಥೆ ಹೇಳಬೇಕು.

ಕಾವೇರಿ, ಕಪಿಲೆ ಕೂಡುವ ತಿರುಮಕೂಡಲಿನಲ್ಲಿ 1895ರಲ್ಲಿ ಹುಟ್ಟಿದ ಚೌಡಯ್ಯ, 1910ರಲ್ಲಿ ಮೈಸೂರಿನ ಆಸ್ಥಾನ ವಿದ್ವಾನ್ ಬಿಡಾರಂ ಕೃಷ್ಣಪ್ಪನವರ ಶಿಷ್ಯರಾದರು. ಎಂಟು ವರ್ಷ ಕಠಿಣ ಅಭ್ಯಾಸ. ಗುರುಗಳು ಗಾಯಕರು; ಶಿಷ್ಯನ ಪಿಟೀಲೂ ಹಾಡುವುದನ್ನೇ ಕಲಿಯಿತು.

ಆಗಿನ ಕಛೇರಿಗಳಿಗೆ ಮೈಕು ಇರಲಿಲ್ಲ. ದೊಡ್ಡ ಸಭೆಯಲ್ಲಿ ಗಾಯಕರ ಕಂಠ, ಮೃದಂಗಗಳ ನಡುವೆ ಪಿಟೀಲಿನ ನಾದ ಹಿಂದಿನ ಸಾಲಿಗೆ ತಲುಪುತ್ತಿರಲಿಲ್ಲ. ಇದಕ್ಕೆ ಪರಿಹಾರವಾಗಿ ಚೌಡಯ್ಯ 1927ರಲ್ಲಿ ನಾಲ್ಕು ತಂತಿಗಳ ಜತೆಗೆ ಇನ್ನೂ ಮೂರು ಕಟ್ಟಿದರು. ನಾದ ತುಂಬಿ ಬಂತು, ಕಷ್ಟವೂ ಹೆಚ್ಚಿತು. ಜೋಡಿ ತಂತಿಗಳ ಶ್ರುತಿ ಕೂದಲೆಳೆಯಷ್ಟು ತಪ್ಪಿದರೂ ಅಪಸ್ವರ. ಸಂಪ್ರದಾಯಸ್ಥರು ಆಕ್ಷೇಪಿಸಿದರು. ಅವರು ವಾದಕ್ಕಿಳಿಯದೆ ನುಡಿಸಿ ತೋರಿಸಿದರು. ಅರಿಯಾಕುಡಿ, ಚೆಂಬೈ ಅವರಂಥ ದಿಗ್ಗಜರಿಗೆ ಪಕ್ಕವಾದ್ಯ ನುಡಿಸಿ ದಕ್ಷಿಣ ಭಾರತದಾದ್ಯಂತ ಹೆಸರಾದರು.

ಮೈಸೂರು ಆಸ್ಥಾನ ವಿದ್ವಾಂಸರಾಗಿ, 'ತ್ರಿಮಕುಟ' ಅಂಕಿತದಲ್ಲಿ ಕೃತಿಗಳನ್ನು ರಚಿಸಿ, ಮೈಸೂರಿನಲ್ಲಿ ಅಯ್ಯನಾರ್ ಸಂಗೀತ ಕಾಲೇಜು ಸ್ಥಾಪಿಸಿದರು. 1943ರ 'ವಾಣಿ' ಚಿತ್ರದಲ್ಲಿ ನಟಿಸಿದ್ದೂ ಉಂಟು. 1957ರಲ್ಲಿ ಮದರಾಸಿನ ಮ್ಯೂಸಿಕ್ ಅಕಾಡೆಮಿಯ ಸಂಗೀತ ಕಲಾನಿಧಿ ಪುರಸ್ಕಾರ ಬಂತು. 1967ರ ಜನವರಿ 19ರಂದು ತೀರಿಕೊಂಡರು.

ಮೈಕು ಬಂದ ಮೇಲೆ ಏಳು ತಂತಿಯ ಅಗತ್ಯ ಕಡಿಮೆಯಾಯಿತು. ಇಂದು ಹೆಚ್ಚಿನವರು ನುಡಿಸುವುದು ನಾಲ್ಕು ತಂತಿಯನ್ನೇ. ಆದರೆ ಬೆಂಗಳೂರಿನ ವೈಯಾಲಿಕಾವಲ್‌ನಲ್ಲಿ ಅವರ ನೆನಪಿಗಾಗಿ ಕಟ್ಟಿದ, ಪಿಟೀಲಿನ ಆಕಾರದ ಚೌಡಯ್ಯ ಸ್ಮಾರಕ ಭವನದಲ್ಲಿ ಆ ಏಳು ತಂತಿಗಳು ಇವೆ. ರಜೆಗೆ ಊರಿಗೆ ಹೋದಾಗ ಮಕ್ಕಳಿಗೆ ತಪ್ಪದೆ ತೋರಿಸಿ. ಪಶ್ಚಿಮದಿಂದ ಬಂದ ವಾದ್ಯವನ್ನು ನಮ್ಮ ಸಭೆಗೆ ಒಗ್ಗಿಸಿಕೊಳ್ಳಲು ಚೌಡಯ್ಯ ಅದನ್ನು ಬದಲಿಸಿದರು, ರಾಗವನ್ನು ಬದಲಿಸಲಿಲ್ಲ. ಎರಡು ಊರುಗಳ ನಡುವೆ ಬೆಳೆಯುತ್ತಿರುವ ನಮ್ಮ ಮಕ್ಕಳಿಗೆ ಈ ವ್ಯತ್ಯಾಸ ತಿಳಿದರೆ ಸಾಕು.