ಇಮಾಮ್ ಶಾಫಿಈ (ರ) ಮತ್ತು ಪ್ರಯಾಣಿಕನ ನಮಾಜ್

ಕಳೆದ ಡಿಸೆಂಬರಿನಲ್ಲಿ ಶೈಕ್ಷಣಿಕ ಪ್ರವಾಸಕ್ಕೆ ಹೋಗಿದ್ದೆವು. ಮಧ್ಯಾಹ್ನ ಊಟಕ್ಕೆ ಬಸ್ ನಿಂತಾಗ ನನ್ನ ರೂಮ್‌ಮೇಟ್ ಝುಹರ್ ಎರಡು ರಕಾತ್ ಮುಗಿಸಿದ. ಸಲಾಮ್ ಹೇಳಿದ ಕೂಡಲೇ ಎದ್ದು ನಿಂತು ಅಸರ್ ನಮಾಜನ್ನೂ ಮಾಡಿಬಿಟ್ಟ. ಅವನು ಕರಾವಳಿಯವನು, ಮನೆಯಲ್ಲಿ ಬ್ಯಾರಿ ಮಾತಾಡುತ್ತಾರೆ. ನಾನು ಝುಹರ್ ಮಾತ್ರ ಮಾಡಿದೆ. ಆಮೇಲೆ ಬಸ್ ಎಲ್ಲೂ ನಿಲ್ಲಲಿಲ್ಲ. ಸೂರ್ಯ ಇನ್ನೇನು ಮುಳುಗಬೇಕು ಅನ್ನುವಾಗ ಡ್ರೈವರ್ ಅಣ್ಣನನ್ನು ಬೇಡಿಕೊಂಡು ಇಳಿದು, ರಸ್ತೆ ಬದಿಯ ಕಲ್ಲುಗಳ ಮೇಲೆ ಟವೆಲ್ ಹಾಸಿ ಅಸರ್ ಮಾಡಿದೆ. ವಾಪಸ್ ಬಂದರೆ ಅವನು ಕಿಟಕಿಗೆ ತಲೆಯಾನಿಸಿ ನಿದ್ದೆ ಹೋಗಿದ್ದ. ನನಗೆ ಸಿಟ್ಟು ಬಂತು. ಅವನನ್ನು ಎಬ್ಬಿಸಿ, ನಿಮ್ಮದು ಬರೀ ಆರಾಮಿನ ದಾರಿ ಅಂದುಬಿಟ್ಟೆ. ಎರಡು ದಿನ ಅವನು ನನ್ನ ಜೊತೆ ಮಾತಾಡಲಿಲ್ಲ.

ನಮ್ಮ ಮನೆಯವರು ಹನಫಿಗಳು. ಅವನ ಮನೆಯವರು ಅನುಸರಿಸುವುದು ಇಮಾಮ್ ಶಾಫಿಈಯವರನ್ನು. ಆ ಇಮಾಮರ ಬಗ್ಗೆ ನನಗೆ ಹೆಸರು ಬಿಟ್ಟು ಬೇರೇನೂ ಗೊತ್ತಿರಲಿಲ್ಲ. ಗೊತ್ತಿಲ್ಲದೆ ಮಾತಾಡಿದ್ದು ತಪ್ಪು ಅನ್ನಿಸಿ ಓದತೊಡಗಿದೆ.

ಅವರ ಹೆಸರು ಮುಹಮ್ಮದ್ ಬಿನ್ ಇದ್ರೀಸ್. ಹಿಜರಿ 150ರಲ್ಲಿ, ಅಂದರೆ ಕ್ರಿ.ಶ. 767ರಲ್ಲಿ, ಗಾಝಾದಲ್ಲಿ ಹುಟ್ಟಿದರು. ನಮ್ಮ ಇಮಾಮ್ ಅಬೂ ಹನೀಫ (ರ) ತೀರಿಕೊಂಡದ್ದೂ ಅದೇ ವರ್ಷ. ತಂದೆ ಬೇಗ ತೀರಿಹೋದರು. ವಂಶ ಕುರೈಶಿಗಳದ್ದು, ಆದರೆ ಕೈಯಲ್ಲಿ ಕಾಸಿಲ್ಲ. ಮಗುವಿಗೆ ಎರಡು ವರ್ಷ ಆಗಿದ್ದಾಗ ತಾಯಿ ಅವನನ್ನು ಎತ್ತಿಕೊಂಡು ಗಾಝಾದಿಂದ ಮಕ್ಕಾಕ್ಕೆ ಬಂದರು. ಮರುಭೂಮಿಯಲ್ಲಿ ಒಂಟಿ ಹೆಂಗಸು, ಸೊಂಟದಲ್ಲಿ ಮಗು. ಅವರ ಬದುಕಿನ ಮೊದಲ ಸಫರ್ ಅದು.

ಮಕ್ಕಾದಲ್ಲಿ ಉಸ್ತಾದರಿಗೆ ಕೊಡಲು ಫೀಸ್ ಇರಲಿಲ್ಲ. ಉಸ್ತಾದರು ಎದ್ದು ಹೋದಾಗ ಉಳಿದ ಮಕ್ಕಳಿಗೆ ಈ ಹುಡುಗನೇ ಪಾಠ ಹೇಳುತ್ತಿದ್ದ. ಅದನ್ನು ನೋಡಿ ಫೀಸ್ ಬಿಟ್ಟುಬಿಟ್ಟರಂತೆ. ಏಳನೇ ವಯಸ್ಸಿಗೆ ಕುರ್‌ಆನ್ ಬಾಯಿಪಾಠ ಆಯಿತು. ಬರೆಯಲು ಕಾಗದ ಎಲ್ಲಿಂದ ತರುವುದು? ಅಗಲವಾದ ಎಲುಬುಗಳ ಮೇಲೆ ಬರೆದು ಮಡಕೆಯಲ್ಲಿ ತುಂಬಿಡುತ್ತಿದ್ದರು. ಸರ್ಕಾರಿ ಕಚೇರಿಗೆ ಹೋಗಿ, ಒಂದು ಬದಿ ಬರೆದಿದ್ದ ಹಾಳೆಗಳನ್ನು ಕೇಳಿ ತಂದು ಹಿಂಬದಿಯಲ್ಲಿ ಬರೆಯುತ್ತಿದ್ದರು. (ನಾವು ಅಕೌಂಟೆನ್ಸಿ ನೋಟ್‌ಬುಕ್ಕಿನಲ್ಲಿ ಬಿಡುವ ಖಾಲಿ ಪುಟಗಳನ್ನು ಅವರು ನೋಡಿದ್ದರೆ!) ಶುದ್ಧ ಅರಬಿ ಕಲಿಯಲೆಂದು ಮರುಭೂಮಿಯ ಹುದೈಲ್ ಬುಡಕಟ್ಟಿನವರ ಜೊತೆ ಅಲೆದರು. ಬಿಲ್ಲುಗಾರಿಕೆಯಲ್ಲೂ ನಿಪುಣರು.

ಆಮೇಲೆ ಮದೀನಾ. ಇಮಾಮ್ ಮಾಲಿಕ್ (ರ) ಬರೆದ ಮುವತ್ತಾ ಗ್ರಂಥವನ್ನು ಮೊದಲೇ ಬಾಯಿಪಾಠ ಮಾಡಿಕೊಂಡು ಅವರ ಮುಂದೆ ಹೋಗಿ ಕೂತರು. ಗುರುಗಳು 795ರಲ್ಲಿ ತೀರಿಕೊಂಡ ಮೇಲೆ ಯಮನ್‌ನಲ್ಲಿ ಕೆಲಸ ಸಿಕ್ಕಿತು. ಅಲ್ಲಿಗೆ ಹೋಗುವ ಖರ್ಚಿಗೆ ತಾಯಿ ಮನೆಯನ್ನೇ ಅಡವಿಟ್ಟರು ಎಂದು ಚರಿತ್ರೆಕಾರರು ಬರೆದಿದ್ದಾರೆ. ಆ ಕೆಲಸವೇ ಆಪತ್ತು ತಂದಿತು. ಖಲೀಫರ ವಿರುದ್ಧ ಬಂಡಾಯಕ್ಕೆ ಸೇರಿದ್ದಾರೆ ಎಂಬ ಆರೋಪ ಬಂತು. ಹಿಜರಿ 184ರಲ್ಲಿ ಅವರನ್ನು ಹಿಡಿದು ಖಲೀಫ ಹಾರೂನ್ ರಶೀದರ ಮುಂದೆ ತಂದು ನಿಲ್ಲಿಸಿದರು.

ಆಗ ಅವರ ಪರವಾಗಿ ಮಾತಾಡಿದವರು ಯಾರು ಎಂದು ಓದಿ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಅವರು ಇಮಾಮ್ ಮುಹಮ್ಮದ್ ಶೈಬಾನಿ (ರ), ಇಮಾಮ್ ಅಬೂ ಹನೀಫರ ಶಿಷ್ಯ. ಅಂದರೆ ನಮ್ಮ ಕಡೆಯವರು! ಬಿಡುಗಡೆಯಾದ ಮೇಲೆ ಶಾಫಿಈ ಅವರು ಊರಿಗೆ ಓಡಲಿಲ್ಲ. ಇರಾಕಿನಲ್ಲೇ ಉಳಿದು ಶೈಬಾನಿಯವರ ಹತ್ತಿರ ಹನಫಿ ವಿದ್ಯೆ ಕಲಿತರು. ಎಷ್ಟೋ ವಿಷಯಗಳಲ್ಲಿ ಅವರ ಜೊತೆ ವಾದ ಮಾಡಿದರು. ಆದರೂ ಗುರುವಿನ ಮೇಲಿನ ಗೌರವ ಕೊನೆಯವರೆಗೂ ಹೋಗಲಿಲ್ಲ.

ಪ್ರಯಾಣದ ನಮಾಜ್ ಅಂಥ ಭಿನ್ನಾಭಿಪ್ರಾಯಗಳಲ್ಲಿ ಒಂದು. ನಾಲ್ಕು ರಕಾತಿನ ಫರ್ಝನ್ನು ಎರಡಕ್ಕೆ ಇಳಿಸುವುದು ಕಸರ್. ಫಜರ್ ಮತ್ತು ಮಗ್ರಿಬ್‌ಗೆ ಅದಿಲ್ಲ. ಎರಡು ಹೊತ್ತಿನ ನಮಾಜನ್ನು ಒಂದೇ ಹೊತ್ತಿನಲ್ಲಿ ಮಾಡುವುದು ಜಮಾ. ಪ್ರವಾದಿಯವರು (ಸ) ತಬೂಕಿನ ಪ್ರಯಾಣದಲ್ಲಿ ಝುಹರ್ ಜೊತೆ ಅಸರ್, ಮಗ್ರಿಬ್ ಜೊತೆ ಇಶಾ ಸೇರಿಸಿ ಮಾಡಿದರು ಎಂದು ಹಝ್ರತ್ ಮುಆದ್ ಬಿನ್ ಜಬಲ್ (ರ) ತಿಳಿಸಿದ್ದಾರೆ. ಇಮಾಮ್ ಶಾಫಿಈ ಅದನ್ನು ಆಧಾರವಾಗಿ ಹಿಡಿದು, ಪ್ರಯಾಣಿಕನಿಗೆ ಜಮಾ ಮಾಡಬಹುದು ಅಂದರು. ಹನಫಿಗಳು ಹಿಡಿದದ್ದು ಹಝ್ರತ್ ಇಬ್ನ್ ಮಸ್‌ಊದ್ (ರ) ಅವರ ಮಾತನ್ನು. ಹಜ್ಜಿನ ಸಂದರ್ಭ ಬಿಟ್ಟರೆ ಪ್ರವಾದಿಯವರು ಹೊತ್ತು ಬಿಟ್ಟು ನಮಾಜ್ ಮಾಡಿದ್ದನ್ನು ತಾವು ಕಂಡಿಲ್ಲ ಎಂಬುದು ಅದರ ಸಾರ. ಆದ್ದರಿಂದ ನಮ್ಮಲ್ಲಿ ಜಮಾ ಇರುವುದು ಅರಫಾತ್ ಮತ್ತು ಮುಝ್ದಲಿಫಾದಲ್ಲಿ ಮಾತ್ರ. ಝುಹರನ್ನು ಅದರ ಕೊನೆಯ ಹೊತ್ತಿಗೆ ತಳ್ಳಿ, ಅಸರನ್ನು ಅದರ ಮೊದಲ ಹೊತ್ತಿಗೆ ಮಾಡಿದರೆ ಒಂದೇ ನಿಲುಗಡೆಯಲ್ಲಿ ಎರಡೂ ಮುಗಿಯುತ್ತವೆ ಎಂದು ಅಬ್ಬಾ ಆಮೇಲೆ ಹೇಳಿದರು. ಮೊದಲೇ ಕೇಳಿಕೊಂಡು ಹೋಗಬೇಕಿತ್ತು.

ಯಾರದು ಆರಾಮಿನ ದಾರಿ ಎಂಬ ನನ್ನ ಲೆಕ್ಕ ತಪ್ಪಿದ್ದು ಕಸರ್ ವಿಷಯಕ್ಕೆ ಬಂದಾಗ. ಶಾಫಿಈಗಳಿಗೆ ಕಸರ್ ಒಂದು ರಿಯಾಯಿತಿ. ಬೇಡವೆಂದರೆ ನಾಲ್ಕು ರಕಾತೂ ಮಾಡಬಹುದು. ಹನಫಿ ಪ್ರಯಾಣಿಕ ಒಬ್ಬನೇ ನಮಾಜ್ ಮಾಡುವಾಗ ಎರಡೇ ಮಾಡಬೇಕು, ಅದು ಕಡ್ಡಾಯ. ನಾವಿಬ್ಬರೂ ಹತ್ತು ದಿನ ಇರಬೇಕೆಂದು ಮೊದಲೇ ತೀರ್ಮಾನಿಸಿ ದೆಹಲಿಗೆ ಹೋದೆವು ಅಂದುಕೊಳ್ಳಿ. ನನ್ನ ರೂಮ್‌ಮೇಟ್ ಅಲ್ಲಿ ನಾಲ್ಕು ರಕಾತ್ ಪೂರ್ತಿ ಮಾಡಬೇಕು. ಏಕೆಂದರೆ ಬಂದ ದಿನ, ಹೊರಡುವ ದಿನ ಬಿಟ್ಟು ನಾಲ್ಕು ದಿನ ನಿಲ್ಲುವ ನಿರ್ಧಾರವಿದ್ದರೆ ಶಾಫಿಈಗಳಿಗೆ ರಿಯಾಯಿತಿ ಇಲ್ಲ. ನನಗೆ ಹದಿನೈದು ದಿನದೊಳಗೆ ಹೊರಡುವುದಿದ್ದರೆ ಎರಡೇ ಸಾಕು. ಆಗ ಅವನು ನನ್ನನ್ನು ನೋಡಿ ಏನನ್ನಬೇಕು?

ಮಕ್ಕಾಕ್ಕೆ ಮರಳಿ ಹರಮ್‌ನಲ್ಲಿ ಪಾಠ ಹೇಳಿದ ಇಮಾಮರು ಹಿಜರಿ 195ರಲ್ಲಿ ಮತ್ತೆ ಬಗ್ದಾದಿಗೆ ಹೋದರು. ಅಲ್ಲಿ ಅವರ ಪಾಠವನ್ನು ಇಮಾಮ್ ಅಹ್ಮದ್ ಬಿನ್ ಹಂಬಲ್ (ರ) ಕೇಳಿದರು. ಬಗ್ದಾದಿನ ಒಂದು ಘಟನೆಯನ್ನು ಉಸ್ತಾದರು ಈಗಲೂ ಹೇಳುತ್ತಾರೆ. ಶಾಫಿಈಗಳು ಫಜರ್ ನಮಾಜಿನಲ್ಲಿ ಕುನೂತ್ ಓದುತ್ತಾರೆ, ಹನಫಿಗಳು ಓದುವುದಿಲ್ಲ. ಇಮಾಮ್ ಅಬೂ ಹನೀಫರ ಖಬರಿನ ಹತ್ತಿರ ಫಜರ್ ಮಾಡಿದ ದಿನ ಇಮಾಮ್ ಶಾಫಿಈ ಕುನೂತ್ ಓದಲಿಲ್ಲವಂತೆ, ಅಲ್ಲಿ ಮಲಗಿರುವವರ ಮೇಲಿನ ಗೌರವಕ್ಕಾಗಿ.

ಸುಮಾರು 814ರಲ್ಲಿ ಕೊನೆಯ ಪ್ರಯಾಣ, ಈಜಿಪ್ಟಿನ ಫುಸ್ತಾತ್‌ಗೆ. ಬಗ್ದಾದಿನಲ್ಲಿ ಹೇಳಿದ್ದ ಎಷ್ಟೋ ಅಭಿಪ್ರಾಯಗಳನ್ನು ಅಲ್ಲಿ ತಾವೇ ಬದಲಿಸಿದರು. ಹಳೆಯ ಮಾತು, ಹೊಸ ಮಾತು ಎಂದು ಶಾಫಿಈ ವಿದ್ವಾಂಸರು ಇಂದಿಗೂ ಬೇರೆ ಮಾಡಿ ಹೇಳುತ್ತಾರೆ. ಕಿತಾಬುಲ್ ಉಮ್ಮ್ ಗ್ರಂಥವನ್ನು ನಮಗೆ ಉಳಿಸಿಕೊಟ್ಟವರು ಅಲ್ಲಿನ ಶಿಷ್ಯ ರಬೀಅ್. ಪ್ರಯಾಣಿಕನ ನಮಾಜಿನ ಅಧ್ಯಾಯ ಅದರಲ್ಲೇ ಇದೆ. ರಾತ್ರಿಯನ್ನು ಮೂರು ಪಾಲು ಮಾಡಿ ಒಂದರಲ್ಲಿ ಬರೆಯುವುದು, ಒಂದರಲ್ಲಿ ನಮಾಜ್, ಒಂದರಲ್ಲಿ ನಿದ್ದೆ. ಮೂಲವ್ಯಾಧಿಯಿಂದ ರಕ್ತ ಹೋಗುತ್ತಿದ್ದರೂ ಪಾಠ ನಿಲ್ಲಿಸಲಿಲ್ಲ. 820ರಲ್ಲಿ, ರಜಬ್ ತಿಂಗಳ ಕೊನೆಯಲ್ಲಿ ತೀರಿಕೊಂಡರು. ಹಿಜರಿ ಲೆಕ್ಕದಲ್ಲಿ 54 ವರ್ಷ. ಅವರ ಖಬರ್ ಈಗ ಕೈರೋ ನಗರದೊಳಗಿದೆ. ಅವರ ಮದ್‌ಹಬ್ ಅರಬ್ ವ್ಯಾಪಾರಿಗಳ ಹಡಗುಗಳಲ್ಲಿ ಮಲಬಾರಿಗೆ, ಭಟ್ಕಳಕ್ಕೆ, ಮಂಗಳೂರಿಗೆ ಬಂತು. ನಮ್ಮದು ಉತ್ತರದಿಂದ, ನೆಲದ ದಾರಿಯಲ್ಲಿ ಬಂದದ್ದು.

ಈ ಲೇಖನವನ್ನು ಮೊದಲು ರೂಮ್‌ಮೇಟಿಗೇ ಕೊಟ್ಟೆ. ಓದಿ, ಒಂದು ವಿಷಯ ಬಿಟ್ಟುಹೋಗಿದೆ ಅಂದ. ಅಸರನ್ನು ಝುಹರಿನ ಹೊತ್ತಿಗೆ ತರುವುದಾದರೆ ಝುಹರ್ ಮುಗಿಯುವುದರೊಳಗೆ ಜಮಾದ ನಿಯ್ಯತ್ ಮಾಡಿರಬೇಕು, ನಡುವೆ ಹೆಚ್ಚು ಹೊತ್ತು ಬಿಡಬಾರದು. ಅದಕ್ಕೇ ಅವತ್ತು ನಾನು ಊಟಕ್ಕೆ ಕರೆದರೂ ಅವನು ತಿರುಗಿ ನೋಡಿರಲಿಲ್ಲ.