ಮಹಾಮನೆಯ ಅನ್ನದಾತೆ ಶರಣೆ ನೀಲಾಂಬಿಕೆ



ಮುದ್ದೇಬಿಹಾಳ ತಾಲೂಕಿನ ತಂಗಡಗಿಯಲ್ಲಿ, ಕೃಷ್ಣೆಯ ದಡದ ಮೇಲೆ, ಶರಣೆ ನೀಲಾಂಬಿಕೆಯವರ ಐಕ್ಯಸ್ಥಳವಿದೆ. ಬಸವಣ್ಣನವರ ಧರ್ಮಪತ್ನಿಯೆಂದು, ವಚನಕಾರ್ತಿಯೆಂದು ನಾವು ಅವರನ್ನು ಸ್ಮರಿಸುತ್ತೇವೆ. ಆದರೆ ಕಲ್ಯಾಣದ ಮಹಾಮನೆಯಲ್ಲಿ ದಾಸೋಹದ ಭಾರ ಹೊತ್ತ ತಾಯಿಯೂ ಅವರೇ. ಸಾತ್ವಿಕ ಆಹಾರವೆಂದರೇನೆಂದು ಅರಿಯಬಯಸುವವರು ಅವರ ಬದುಕನ್ನು ನೋಡಬೇಕು.

12ನೆಯ ಶತಮಾನದಲ್ಲಿ ಬಾಗೇವಾಡಿಯ ಬಸವಣ್ಣನವರು ಬಿಜ್ಜಳನ ಭಂಡಾರಿಯಾಗಿ ಕಲ್ಯಾಣದಲ್ಲಿ ನೆಲೆಸಿದರು. ಗಂಗಾಂಬಿಕೆ, ನೀಲಾಂಬಿಕೆಯರಿಬ್ಬರೂ ಅವರ ದಾಸೋಹಕ್ಕೆ ಹೆಗಲಾದರು. ಮಹಾಮನೆಯಲ್ಲಿ 1,96,000 ಜಂಗಮರಿಗೆ ದಾಸೋಹ ನಡೆಯುತ್ತಿತ್ತೆಂಬುದು ಪರಂಪರೆಯ ನಂಬಿಕೆ. ಬಂದವರು ಯಾರೂ ಹಸಿದು ಮರಳಲಿಲ್ಲವೆಂಬುದೇ ಆ ಎಣಿಕೆಯ ತಾತ್ಪರ್ಯ.

ಆ ಅಡುಗೆಮನೆಯ ಧರ್ಮ ಎಂಥದು? ಮದ್ಯಮಾಂಸಗಳನ್ನು ತೊರೆಯುವುದು, ಶುಚಿಯಾಗಿ ಅಡುಗೆ ಮಾಡುವುದು ಅದರ ಮೊದಲ ಮೆಟ್ಟಿಲು. ಶರಣರು ಅಲ್ಲಿಗೇ ನಿಲ್ಲಲಿಲ್ಲ. ಧಾನ್ಯವು ಸತ್ಯಶುದ್ಧ ಕಾಯಕದಿಂದ ಬಂದಿರಬೇಕು. ಬೆಂದ ಅನ್ನ ಲಿಂಗಕ್ಕೆ ಅರ್ಪಿತವಾಗಬೇಕು. ಜಂಗಮಕ್ಕೆ ನೀಡಿದ ಮೇಲೆ ಉಳಿದುದನ್ನು ಪ್ರಸಾದವೆಂದು ಸ್ವೀಕರಿಸಬೇಕು. ಅಷ್ಟಾವರಣಗಳಲ್ಲಿ ಪ್ರಸಾದಕ್ಕೂ ಸ್ಥಾನವಿರುವುದು ಈ ಕಾರಣದಿಂದಲೇ. ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ದಾಸೋಹ ಮಾಡುತ್ತಿದ್ದ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಪತ್ನಿ ಲಕ್ಕಮ್ಮನವರು ಅದನ್ನು ಮರಳಿ ಸುರಿದು ಬರಲು ಹೇಳಿದರು. ಅಗತ್ಯಕ್ಕೆ ಮೀರಿದ ಅಕ್ಕಿ ಎಷ್ಟು ಬಿಳುಪಾಗಿದ್ದರೂ ಆ ಶರಣೆಗೆ ಅದು ಶುದ್ಧವೆನಿಸಲಿಲ್ಲ.

1167-68ರ ಸುಮಾರಿಗೆ ಕಲ್ಯಾಣದಲ್ಲಿ ಕ್ರಾಂತಿಯ ಕಿಚ್ಚು ಹತ್ತಿತು. ಶರಣರು ದಿಕ್ಕುದಿಕ್ಕಿಗೆ ಚದುರಿದರು. ಲಕ್ಷ ಜನರಿಗೆ ಉಣಿಸಿದ ಒಲೆ ಆರಿತು. ಸಂಗಮಕ್ಕೆ ತೆರಳಿದ್ದ ಬಸವಣ್ಣನವರು ಪತ್ನಿಯನ್ನು ಕರೆತರಲು ಹಡಪದ ಅಪ್ಪಣ್ಣನವರನ್ನು ಕಳುಹಿಸಿದರು. ನೀಲಮ್ಮನವರು ತಂಗಡಗಿಯನ್ನು ತಲುಪುವ ಹೊತ್ತಿಗೆ ಬಸವಣ್ಣನವರು ಲಿಂಗೈಕ್ಯರಾಗಿದ್ದರು ಎಂದು ಪರಂಪರೆ ಹೇಳುತ್ತದೆ. ತಾಯಿ ಮುಂದೆ ಸಾಗಲಿಲ್ಲ. ಸಂಗಮದಲ್ಲಿರುವ ದೇವನು ತಾವು ನಿಂತ ನೆಲದಲ್ಲಿಯೂ ಇರುವನೆಂದರಿತು ಅಲ್ಲಿಯೇ ಬಯಲಾದರು. ಪಂಕ್ತಿಯಲ್ಲಿ ಕುಳಿತ ಪ್ರತಿಯೊಬ್ಬರಲ್ಲಿಯೂ ಲಿಂಗವನ್ನು ಕಂಡು ಬಡಿಸಿದವರಿಗೆ, ದೇವನನ್ನು ಅರಸಿ ಹೊಳೆ ದಾಟುವ ಅಗತ್ಯವೆಲ್ಲಿ?

ಇಂದು ನಮ್ಮ ಮಠಮನೆಗಳಲ್ಲಿ ದಾಸೋಹಕ್ಕೆ ಕೊರತೆಯಿಲ್ಲ. ಜೋಳದ ರೊಟ್ಟಿ, ಪಲ್ಯ, ಗೋಧಿ ಹುಗ್ಗಿ ಎಲ್ಲವೂ ಇವೆ. ಆದರೂ ಉಂಡೇಳುವಾಗ ತಟ್ಟೆಯಲ್ಲಿ ಅನ್ನವನ್ನು ಬಿಡುತ್ತೇವೆ. ಗಣ್ಯರಿಗೆಂದು ಬೇರೆ ಪಂಕ್ತಿ ಹಾಕುತ್ತೇವೆ. ಆಗ ಅಡುಗೆ ಎಷ್ಟೇ ಶುಚಿಯಾಗಿದ್ದರೂ ಅದು ಪ್ರಸಾದವಾಗದೆ ಬರಿಯ ಊಟವಾಗುತ್ತದೆ. ತಂಗಡಗಿಯಲ್ಲಿ ತಲೆಬಾಗುವ ನಾವು ಮನೆಗೆ ಮರಳಿದ ಮೇಲೆ ಒಂದೇ ಪಂಕ್ತಿಯಲ್ಲಿ ಕುಳಿತು, ಒಂದಗುಳನ್ನೂ ಚೆಲ್ಲದೆ ಉಣ್ಣೋಣ. ನೀಲಮ್ಮ ತಾಯಿಗೆ ನಾವು ಸಲ್ಲಿಸಬಹುದಾದ ನಿಜವಾದ ನಮನ ಅದೇ.