ಸೂರ್ಯನನ್ನು ನೋಡಿ ಕುರುಡಾದರೇ ಪ್ಲಾಟೋ? ಕಣ್ಣಿಗೆ ಕಾಣುವುದು 24 ಫ್ರೇಮ್ ಮಾತ್ರವೇ?

ಮನುಷ್ಯನ ಕಣ್ಣು ಸೆಕೆಂಡಿಗೆ 24 ಚಿತ್ರಗಳನ್ನಷ್ಟೇ ನೋಡಬಲ್ಲದು, ಅದಕ್ಕೇ ಸಿನಿಮಾದಲ್ಲಿ 24 ಫ್ರೇಮ್. ಈ ಫಾರ್ವರ್ಡ್ ನಿಮ್ಮ ಗುಂಪಿಗೂ ಬಂದಿರಬಹುದು. ಸಿನಿಮಾಕ್ಕೆ ದಾರಿ ತೋರಿಸಿದ ವಿಜ್ಞಾನಿ ಸೂರ್ಯನನ್ನು ದಿಟ್ಟಿಸಿ ಕುರುಡಾದರು ಎಂಬ ಕಥೆಯೂ ಓಡಾಡುತ್ತಿದೆ. ಮೊದಲನೆಯದು ತಪ್ಪು, ಎರಡನೆಯದು ಅರೆನಿಜ. ಆ ವಿಜ್ಞಾನಿ ಬೆಲ್ಜಿಯಂನ ಜೋಸೆಫ್ ಪ್ಲಾಟೋ. (ಗ್ರೀಸಿನ ತತ್ವಜ್ಞಾನಿ ಪ್ಲೇಟೋ ಬೇರೆ, ಇವರು ಬೇರೆ.)

ಪ್ಲಾಟೋ ಹುಟ್ಟಿದ್ದು 1801ರಲ್ಲಿ, ಬ್ರಸೆಲ್ಸ್‌ನಲ್ಲಿ. ತಂದೆ ಹೂವಿನ ಚಿತ್ರ ಬರೆಯುವ ಕಲಾವಿದ. ಹದಿನಾಲ್ಕು ವರ್ಷಕ್ಕೇ ಹುಡುಗ ಅನಾಥನಾದ. 1829ರಲ್ಲಿ ಲಿಯೇಜ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಬಂತು. ವಿಷಯ, ಬೆಳಕು ಮತ್ತು ಬಣ್ಣ ಕಣ್ಣಿನಲ್ಲಿ ಉಂಟುಮಾಡುವ ಅನುಭವ. ದೀಪಾವಳಿಯಲ್ಲಿ ಸುರುಸುರುಬತ್ತಿ ಜೋರಾಗಿ ತಿರುಗಿಸಿದರೆ ಬೆಳಕಿನ ಬಳೆ ಕಾಣುತ್ತದಲ್ಲ, ಅದೇ ತರಹದ್ದು. ಆ ಅನುಭವ ಸುಮಾರು ಸೆಕೆಂಡಿನ ಮೂರನೇ ಒಂದು ಭಾಗ ಉಳಿಯುತ್ತದೆ ಎಂದು ಅವರು ಲೆಕ್ಕ ಹಾಕಿದರು.

1832ರಲ್ಲಿ ಒಂದು ಆಟಿಕೆ ಮಾಡಿದರು. ದುಂಡನೆ ರಟ್ಟು, ಅದರ ಅಂಚಿನಲ್ಲಿ ಸಣ್ಣ ಸೀಳುಗಳು, ಸುತ್ತಲೂ ನರ್ತಕನೊಬ್ಬನ 16 ಚಿತ್ರಗಳು, ಪ್ರತಿಯೊಂದರಲ್ಲೂ ಭಂಗಿ ಸ್ವಲ್ಪ ಬೇರೆ. ಕನ್ನಡಿಗೆ ಎದುರಾಗಿ ಹಿಡಿದು, ತಿರುಗಿಸುತ್ತಾ ಹಿಂದಿನಿಂದ ಸೀಳುಗಳ ಮೂಲಕ ನೋಡಿದರೆ ನರ್ತಕ ಗಿರ್ರನೆ ತಿರುಗುತ್ತಾನೆ! ಸೀಳು ಇಲ್ಲದಿದ್ದರೆ ಎಲ್ಲವೂ ಕಲಸಿಹೋಗುತ್ತದೆ. ಆಸ್ಟ್ರಿಯಾದ ಸೈಮನ್ ಸ್ಟಾಂಪ್ಫರ್ ಕೂಡ ಹೆಚ್ಚುಕಡಿಮೆ ಅದೇ ಹೊತ್ತಿಗೆ ಇಂಥದ್ದನ್ನೇ ಸ್ವತಂತ್ರವಾಗಿ ಮಾಡಿದ್ದರು.

ಚಿತ್ರ ಕಣ್ಣಿನಲ್ಲಿ ಉಳಿಯುವುದರಿಂದಲೇ ಚಲನೆ ಕಾಣುತ್ತದೆ ಎಂದು ಆಗ ನಂಬಿದ್ದರು. ಬರೀ ಉಳಿದರೆ ಒಂದರ ಮೇಲೊಂದು ಬಿದ್ದು ಮಸುಕಾಗಬೇಕಿತ್ತು. ಚಲನೆಯನ್ನು ಕಟ್ಟುವುದು ಮಿದುಳು. ಮ್ಯಾಕ್ಸ್ ವರ್ತೈಮರ್ 1912ರಲ್ಲಿ ಪ್ರಕಟಿಸಿದ ಪ್ರಯೋಗಗಳಿಂದ ಈ ತಿಳಿವಳಿಕೆ ಗಟ್ಟಿಯಾಯಿತು.

ಹಾಗಾದರೆ 24 ಎಲ್ಲಿಂದ ಬಂತು? 1920ರ ದಶಕದ ಕೊನೆಗೆ ಸಿನಿಮಾಕ್ಕೆ ಮಾತು ಬಂದಾಗ. ರೀಲಿನ ವೇಗ ಏರುಪೇರಾದರೆ ದನಿ ಕೆಡುತ್ತದೆ, ವೇಗ ಹೆಚ್ಚಿಸಿದರೆ ಫಿಲ್ಮಿನ ಖರ್ಚು ಏರುತ್ತದೆ. ನಡುವಿನ ರಾಜಿಯೇ 24. ಅದೂ ಮಿಣುಕದಿರಲೆಂದು ಪ್ರೊಜೆಕ್ಟರಿನ ಶಟರ್ ಒಂದೊಂದು ಫ್ರೇಮನ್ನು ಎರಡು ಅಥವಾ ಮೂರು ಸಲ ತೋರಿಸುತ್ತಿತ್ತು. 2012ರಲ್ಲಿ ಹಾಬಿಟ್ ಸಿನಿಮಾ 48 ಫ್ರೇಮಿನಲ್ಲಿ ಬಂದಾಗ, ಇದು ಟಿವಿ ಧಾರಾವಾಹಿಯಂತಿದೆ ಎಂದು ಬಹಳ ಜನ ಮುಖ ಸಿಂಡರಿಸಿದರು. ಕಣ್ಣಿಗೆ 24ಕ್ಕಿಂತ ಹೆಚ್ಚು ಕಾಣುವುದೇ ಇಲ್ಲವಾಗಿದ್ದರೆ ಅವರಿಗೆ ವ್ಯತ್ಯಾಸ ಗೊತ್ತಾಗುತ್ತಿತ್ತೇ?

ಇನ್ನು ಸೂರ್ಯನ ಕಥೆ. 1829ರಲ್ಲಿ ಪ್ಲಾಟೋ ಸುಮಾರು 25 ಸೆಕೆಂಡು ಸೂರ್ಯನನ್ನು ನೆಟ್ಟನೋಟದಿಂದ ನೋಡಿದ್ದು ನಿಜ. ಕೆಲವು ದಿನ ಕಣ್ಣು ಕಾಣಲಿಲ್ಲ, ಆಮೇಲೆ ಸರಿಹೋಯಿತು. ಪೂರ್ತಿ ಕುರುಡಾದದ್ದು 1843ರಲ್ಲಿ, ಅಂದರೆ 14 ವರ್ಷಗಳ ನಂತರ. ಸೂರ್ಯನ ಬೆಳಕು ಕಣ್ಣನ್ನು ಸುಟ್ಟರೆ ಅದು ಬೇಗನೆ ತಿಳಿಯುತ್ತದೆ, ಇಷ್ಟು ವರ್ಷ ಕಾಯುವುದಿಲ್ಲ. ಹಾಗಾಗಿ ಕಣ್ಣಿನ ಒಳಗಿನ ದೀರ್ಘಕಾಲದ ಉರಿಯೂತವೇ ಕಾರಣವಿರಬೇಕು ಎಂಬುದು ನಂತರ ಪರಿಶೀಲಿಸಿದವರ ಅಭಿಪ್ರಾಯ. ಹಾಗೆಂದು ನೀವು ಗ್ರಹಣದ ದಿನ ಬರಿಗಣ್ಣಲ್ಲಿ ನೋಡಲು ಹೋಗಬೇಡಿ, ಅಷ್ಟೇ ಹೊತ್ತಿನಲ್ಲಿ ಕಣ್ಣು ಶಾಶ್ವತವಾಗಿ ಹಾಳಾಗಬಹುದು.

ಗೆಂಟ್ ವಿಶ್ವವಿದ್ಯಾಲಯದ ಈ ಪ್ರಾಧ್ಯಾಪಕರು ಕತ್ತಲಲ್ಲೇ ನಾಲ್ಕು ದಶಕ ಸಂಶೋಧನೆ ಮಾಡಿದರು. ತಂತಿಯ ಚೌಕಟ್ಟನ್ನು ಸೋಪಿನ ನೀರಲ್ಲಿ ಅದ್ದುವುದು, ಮೂಡಿದ ಪೊರೆಗಳನ್ನು ನೋಡುವುದು ಮನೆಯವರ, ಸ್ನೇಹಿತರ ಕೆಲಸ. ಅವರು ಹೇಳಿದ್ದನ್ನು ಕೇಳಿ ನಿಯಮ ಹುಡುಕುವುದು ಪ್ಲಾಟೋ ಕೆಲಸ. ಮೂರು ಪೊರೆಗಳು ಸೇರುವಲ್ಲಿ ಕೋನ ಯಾವಾಗಲೂ 120 ಡಿಗ್ರಿ ಎಂಬುದು ಹೀಗೆ ಸಿಕ್ಕ ನಿಯಮಗಳಲ್ಲೊಂದು. ಇದೆಲ್ಲ 1873ರಲ್ಲಿ ಪುಸ್ತಕವಾಯಿತು. 1883ರಲ್ಲಿ ಗೆಂಟ್‌ನಲ್ಲೇ ತೀರಿಕೊಂಡರು. ಅವರ ನಿಯಮಗಳಿಗೆ ಗಣಿತದ ಪೂರ್ಣ ಸಾಧನೆ ಸಿಕ್ಕಿದ್ದು 1976ರಲ್ಲಿ, ಅಮೆರಿಕದ ಜೀನ್ ಟೇಲರ್ ಅವರಿಂದ.